ಮರುಬಳಕೆಯ ಕಾರ್ಪೆಟ್: ಬಾಳಿಕೆಯ ಲೆಕ್ಕ, ಪರಿಸರದ ಲೆಕ್ಕ

ಕೃತಕ ನೂಲಿನ ಕಾರ್ಪೆಟ್‌ಗಳ ಮೇಲೆ 'ಮರುಬಳಕೆಯ ವಸ್ತುವಿನಿಂದ ತಯಾರಿಸಿದ್ದು' ಎಂಬ ಚೀಟಿ ಕಾಣುವುದು ಈಗ ಅಪರೂಪವಲ್ಲ. ಈ ಚೀಟಿ ಎಳೆ ಎಲ್ಲಿಂದ ಬಂತೆಂಬುದನ್ನು ತಿಳಿಸುತ್ತದೆ. ಆದರೆ ಕಾರ್ಪೆಟ್ ಎಷ್ಟು ವರ್ಷ ಬಾಳುತ್ತದೆ, ಬಾಳಿ ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದರ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇರುವುದಿಲ್ಲ. ಕೊಳ್ಳುವವರ ಜೇಬಿಗಾಗಲಿ ಪರಿಸರಕ್ಕಾಗಲಿ ಹೆಚ್ಚು ತೂಗುವುದು ಈ ಎರಡು ಪ್ರಶ್ನೆಗಳೇ. 'ಮರುಬಳಕೆ' ಎಂಬ ಒಂದೇ ಪದ ಕನ್ನಡದಲ್ಲಿ ಎರಡು ಬೇರೆ ಕೆಲಸಗಳಿಗೆ ಸಲ್ಲುತ್ತಿರುವುದೂ ಗೊಂದಲವನ್ನು ಹೆಚ್ಚಿಸಿದೆ. ಕಚೇರಿಯಿಂದ ಕಿತ್ತ ಕಾರ್ಪೆಟ್ಟನ್ನು ಇನ್ನೊಂದು ಕೋಣೆಗೆ ಹಾಸಿದರೆ ಅದು ನಿಜವಾದ ಅರ್ಥದ ಮರುಬಳಕೆ. ವಸ್ತುವನ್ನು ಕರಗಿಸಿ ಅಥವಾ ರಾಸಾಯನಿಕವಾಗಿ ಬಿಡಿಸಿ ಮತ್ತೆ ಎಳೆಯಾಗಿಸಿದರೆ ಅದು ಮರುಸಂಸ್ಕರಣೆ. ಚೀಟಿಯ ಮೇಲಿನ ಪದಕ್ಕೆ ಇರುವುದು ಎರಡನೆಯ ಅರ್ಥವಾದರೂ, ಮುಂದೆ ಕಾಣುವಂತೆ, ಹೆಚ್ಚು ಫಲ ಕೊಡುವುದು ಬಹುಮಟ್ಟಿಗೆ ಮೊದಲನೆಯದೇ.

ಕಾರ್ಪೆಟ್ ಹೊರನೋಟಕ್ಕೆ ಒಂದೇ ವಸ್ತುವಾಗಿ ಕಂಡರೂ ಐದು ವಸ್ತುಗಳನ್ನು ಒಂದಕ್ಕೊಂದು ಅಂಟಿಸಿದ ಪದರಗಳ ಕಟ್ಟು. ಕಾಲಿಗೆ ತಾಗುವ ಮೇಲ್ಮೈ ಎಳೆ. ಆ ಎಳೆಯನ್ನು ಚುಚ್ಚಿ ಕೂರಿಸಿದ, ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಪಟ್ಟಿಗಳಿಂದ ನೇಯ್ದ ತಳಬಟ್ಟೆ. ಎಳೆಯ ಬುಡ ಕಿತ್ತುಬಾರದಂತೆ ಹಿಡಿಯುವ ಲೇಟೆಕ್ಸ್ ಅಂಟು. ಅಂಟಿಗೆ ತೂಕವನ್ನೂ ಗಟ್ಟಿತನವನ್ನೂ ಕೊಡಲು ಧಾರಾಳವಾಗಿ ಬೆರೆಸುವ ಸುಣ್ಣಕಲ್ಲಿನ ಪುಡಿ. ಇವೆಲ್ಲದರ ಹಿಂದೆ ಇನ್ನೊಂದು ಬಟ್ಟೆ. ಸಾಲುಸೂಜಿಗಳಿಂದ ತಳಬಟ್ಟೆಗೆ ನೂಲನ್ನು ಚುಚ್ಚಿ ಕುಚ್ಚು ಎಬ್ಬಿಸುವ ಈ ವಿಧಾನಕ್ಕೆ ಟಫ್ಟಿಂಗ್ ಎಂದು ಹೆಸರು. ಅಮೆರಿಕದ ಜಾರ್ಜಿಯಾ ರಾಜ್ಯದ ಡಾಲ್ಟನ್ ಪಟ್ಟಣದಲ್ಲಿ ಹಾಸಿಗೆಯ ಮೇಲುಹೊದಿಕೆಗಳಿಗೆ ಕೈಯಿಂದ ಕುಚ್ಚು ಹಾಕುತ್ತಿದ್ದ ಮನೆಗೆಲಸ ಯಂತ್ರಕ್ಕೇರಿ, ಎರಡನೆಯ ಮಹಾಯುದ್ಧದ ನಂತರ ಜಗತ್ತಿನ ಕಾರ್ಪೆಟ್ ಉದ್ಯಮವನ್ನೇ ಬದಲಿಸಿತು. ನೇಯ್ಗೆಗಿಂತ ಹಲವು ಪಟ್ಟು ವೇಗದ ಈ ವಿಧಾನದಿಂದಾಗಿಯೇ ಕಾರ್ಪೆಟ್ ಅಗ್ಗವಾಯಿತು, ಅಂಟಿನಿಂದಾಗಿಯೇ ಮತ್ತೆ ಬಿಡಿಸಲಾಗದ ವಸ್ತುವೂ ಆಯಿತು.

ಈ ರಚನೆ ಗೊತ್ತಿದ್ದರೆ 'ನೂರಕ್ಕೆ ನೂರು ಮರುಬಳಕೆ' ಎಂಬ ಮಾತಿನ ತೂಕವೂ ಗೊತ್ತಾಗುತ್ತದೆ. ಉದಾಹರಣೆಗೆ ಚದರ ಮೀಟರಿಗೆ ಎರಡೂವರೆ ಕಿಲೋ ತೂಗುವ ಕಾರ್ಪೆಟ್ಟಿನಲ್ಲಿ ಮೇಲ್ಮೈ ಎಳೆಯ ಪಾಲು ಒಂದು ಕಿಲೋ ಎಂದಿಟ್ಟುಕೊಂಡರೆ, ಎಳೆಯಷ್ಟೂ ಹಳೆಯ ಬಾಟಲಿಯಿಂದ ಬಂದಿದ್ದರೂ ಇಡೀ ಸರಕಿನಲ್ಲಿ ಮರುಬಳಕೆಯ ಅಂಶ ಶೇ. 40 ಮಾತ್ರ, ಉಳಿದ ಶೇ. 60ರಷ್ಟು ಅಂಟು, ಕಲ್ಲಿನ ಪುಡಿ, ಬಟ್ಟೆಗಳೆಲ್ಲ ಹೊಸವೇ ಆಗಿರಬಹುದು. ಚೀಟಿಯ ಮೇಲಿನ ಅಂಕಿ ಎಳೆಯದ್ದೋ ಒಟ್ಟು ತೂಕದ್ದೋ ಎಂದು ಅಂಗಡಿಯಲ್ಲಿ ಮೊದಲು ಕೇಳಬೇಕಾಗುವುದು ಇದರಿಂದಾಗಿಯೇ.

ಎಳೆ ಯಾವುದು?

ಕೃತಕ ಕಾರ್ಪೆಟ್‌ಗಳ ಎಳೆ ಬಹುತೇಕ ಮೂರು ಪ್ಲಾಸ್ಟಿಕ್‌ಗಳಲ್ಲಿ ಒಂದಾಗಿರುತ್ತದೆ: ನೈಲಾನ್, ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್. ನೈಲಾನಿನಲ್ಲಿ ಮತ್ತೆ ಎರಡು ಕವಲುಗಳಿವೆ. ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕರೋಥರ್ಸ್ ಅವರ ತಂಡ 1935ರಲ್ಲಿ ರೂಪಿಸಿದ್ದು ನೈಲಾನ್ 6,6. ಜರ್ಮನಿಯಲ್ಲಿ ಪೌಲ್ ಶ್ಲಾಕ್ 1938ರಲ್ಲಿ ತಯಾರಿಸಿದ್ದು ನೈಲಾನ್ 6. ಮೊದಲನೆಯದರ ಸರಪಳಿ ಅಣುವಿನಲ್ಲಿ ಎರಡು ಬಗೆಯ ಕೊಂಡಿಗಳು ಒಂದು ಬಿಟ್ಟು ಒಂದರಂತೆ ಬರುತ್ತವೆ, ಎರಡನೆಯದರಲ್ಲಿ ಕ್ಯಾಪ್ರೊಲ್ಯಾಕ್ಟಮ್ ಎಂಬ ಒಂದೇ ಕೊಂಡಿ ಉದ್ದಕ್ಕೂ ಪುನರಾವರ್ತನೆಯಾಗುತ್ತದೆ. ಕಾಲಡಿಯಲ್ಲಿ ಇವೆರಡರ ವರ್ತನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲದಿದ್ದರೂ ಮರುಸಂಸ್ಕರಣೆಯಲ್ಲಿ ಈ ಒಂದು ಕೊಂಡಿಯ ಸರಳತೆಯೇ ನಿರ್ಣಾಯಕವಾಗಿದೆ. ಪಾಲಿಯೆಸ್ಟರ್ ಎಂದರೆ ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ಕೇ. ಪಾಲಿಪ್ರೊಪಿಲೀನ್ ಸಿಮೆಂಟಿನ ಚೀಲ, ಪ್ಲಾಸ್ಟಿಕ್ ಹಗ್ಗಗಳ ವಸ್ತು.

ಮನೆಯಲ್ಲಿರುವ ಕಾರ್ಪೆಟ್ ಈ ಮೂರರಲ್ಲಿ ಯಾವುದೆಂಬುದನ್ನು ಎರಡು ಗಾಜಿನ ಲೋಟಗಳಿಂದ ಕಂಡುಕೊಳ್ಳಬಹುದು. ಮೂಲೆಯ ಕುಚ್ಚೊಂದನ್ನು ಕತ್ತರಿಸಿ, ಗಾಳಿಗುಳ್ಳೆ ಅಂಟಿಕೊಳ್ಳದಂತೆ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ಎಳೆಯನ್ನು ಚೆನ್ನಾಗಿ ಅದ್ದಿ ಬಿಟ್ಟಾಗ ಅದು ಮೇಲಕ್ಕೆ ಬಂದರೆ ಪಾಲಿಪ್ರೊಪಿಲೀನ್. ಅದರ ಸಾಂದ್ರತೆ ನೀರಿಗಿಂತ ಕಡಿಮೆ, ಸುಮಾರು 0.91. ಮುಳುಗಿದರೆ ಎರಡನೆಯ ಲೋಟಕ್ಕೆ ಹೋಗಬೇಕು. ಅದರಲ್ಲಿ ತಳದಲ್ಲಿ ಉಪ್ಪು ಕರಗದೆ ಉಳಿಯುವಷ್ಟು ಉಪ್ಪು ಹಾಕಿ ಕದಡಿದ ನೀರಿರಬೇಕು. ಅದರ ಸಾಂದ್ರತೆ 1.2ರ ಆಸುಪಾಸಿನಲ್ಲಿರುತ್ತದೆ. ನೈಲಾನಿನದು 1.14, ಪೆಟ್‌ನದು 1.38 ಆದ್ದರಿಂದ ಉಪ್ಪುನೀರಿನಲ್ಲಿ ನೈಲಾನ್ ತೇಲುತ್ತದೆ, ಪಾಲಿಯೆಸ್ಟರ್ ಮುಳುಗುತ್ತದೆ. ಕುಚ್ಚಿನ ಬುಡದಲ್ಲಿ ಅಂಟಿನ ಚೂರು ಉಳಿದಿದ್ದರೆ ಉತ್ತರ ತಪ್ಪುವುದರಿಂದ ತುದಿಯ ಎಳೆಯನ್ನಷ್ಟೇ ಬಳಸುವುದು ಕ್ಷೇಮ. ಇದು ಮಕ್ಕಳ ಆಟದಂತೆ ಕಂಡರೂ ಮರುಸಂಸ್ಕರಣೆಯ ಕಾರ್ಖಾನೆಗಳು ದೊಡ್ಡ ತೊಟ್ಟಿಗಳಲ್ಲಿ ಮಾಡುವುದೂ ಈ ತೇಲು-ಮುಳುಗು ವಿಂಗಡಣೆಯನ್ನೇ. ಎಳೆ ಹೊಸದೋ ಮರುಬಳಕೆಯದೋ ಎಂಬುದನ್ನು ಮಾತ್ರ ಯಾವ ಲೋಟವೂ ಹೇಳಲಾರದು. ಅದಕ್ಕೆ ಕಾಗದಪತ್ರಗಳ ಸರಪಳಿಯೊಂದೇ ಸಾಕ್ಷಿ.

ಬಾಟಲಿಯಿಂದ ಬಂದ ಎಳೆ

ಮರುಬಳಕೆಯ ಕಾರ್ಪೆಟ್‌ಗಳಲ್ಲಿ ಅತಿ ಸಾಮಾನ್ಯವಾದದ್ದು ಪೆಟ್ ಬಾಟಲಿಯ ಎಳೆ. ಭಾರತದಲ್ಲಿ ಬಾಟಲಿಯಿಂದ ತುಂಡೆಳೆ, ಅಂದರೆ ಹತ್ತಿಯಂತೆ ಗಿಡ್ಡವಾಗಿ ಕತ್ತರಿಸಿ ನೂಲಬೇಕಾದ ಪಾಲಿಯೆಸ್ಟರ್ ಎಳೆ, ತಯಾರಿಸುವ ಉದ್ಯಮ ದೊಡ್ಡದಾಗಿಯೇ ಬೆಳೆದಿದೆ. ಹರಿಯಾಣದ ಪಾಣಿಪತ್, ಉತ್ತರ ಪ್ರದೇಶದ ಭದೋಹಿಯಂಥ ಊರುಗಳ ಮಗ್ಗಗಳು ಇಂಥ ನೂಲಿನಿಂದ ವರಾಂಡ, ತಾರಸಿಗಳಿಗೆ ಹಾಸುವ ಜಮಖಾನಗಳನ್ನು ನೇಯ್ದು ಹೊರದೇಶಗಳಿಗೆ ಕಳಿಸುತ್ತವೆ. ಒಂದು ಲೀಟರಿನ ನೀರಿನ ಬಾಟಲಿ 20ರಿಂದ 25 ಗ್ರಾಂ ತೂಗುವುದರಿಂದ ಒಂದು ಕಿಲೋ ನೂಲಿಗೆ ಕನಿಷ್ಠ 40–50 ಬಾಟಲಿ ಬೇಕಾಗುತ್ತದೆ.

ಬಾಟಲಿಯ ಪ್ಲಾಸ್ಟಿಕ್ ಕೀಳು ದರ್ಜೆಯದು, ಆದ್ದರಿಂದ ಎಳೆಯೂ ಕೀಳು ಎಂಬ ಭಾವನೆ ಇದೆ. ವಾಸ್ತವ ಇದಕ್ಕೆ ವಿರುದ್ಧವಾಗಿದೆ. ಸರಪಳಿ ಅಣುಗಳು ಎಷ್ಟು ಉದ್ದವಿವೆ ಎಂಬುದನ್ನು ಪರೋಕ್ಷವಾಗಿ ತಿಳಿಸುವ ಸ್ನಿಗ್ಧತೆಯ ಅಳತೆಯೊಂದಿದ್ದು, ಬಾಟಲಿ ದರ್ಜೆಯ ಪೆಟ್‌ನಲ್ಲಿ ಅದು 0.72–0.84ರ ನಡುವೆಯೂ ಬಟ್ಟೆಯ ಎಳೆಗೆ ಬಳಸುವ ಪೆಟ್‌ನಲ್ಲಿ 0.60–0.65ರ ಆಸುಪಾಸಿನಲ್ಲಿಯೂ ಇರುತ್ತದೆ. ಸೋಡಾದ ಒತ್ತಡ ತಡೆಯಬೇಕಾದ ಬಾಟಲಿಗೆ ಉದ್ದನೆಯ ಸರಪಳಿ ಬೇಕು. ಕಾರ್ಖಾನೆಯಲ್ಲಿ ಮತ್ತೆ ಕರಗಿಸುವಾಗ ಒಂದಿಷ್ಟು ಕೊಂಡಿಗಳು ಕಳಚಿದರೂ ಎಳೆಗೆ ಸಾಕಾಗುವಷ್ಟು ಉಳಿದಿರುತ್ತದೆ. ಕೆಡಿಸುವುದು ವಸ್ತುವಿನ ಹುಟ್ಟಲ್ಲ, ಸಂಸ್ಕರಣೆಯ ಅಜಾಗರೂಕತೆ. ಬಾಟಲಿಯ ಚೂರುಗಳನ್ನು ಪೂರ್ತಿ ಒಣಗಿಸದೆ 260 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ ಕರಗಿಸಿದರೆ ಉಳಿದ ತೇವವೇ ಸರಪಳಿಯನ್ನು ತುಂಡರಿಸುತ್ತದೆ.

ಇನ್ನೊಂದು ಶತ್ರು ಪಿವಿಸಿ. ಹತ್ತು ಸಾವಿರ ಪಾಲಿನಲ್ಲಿ ಒಂದು ಪಾಲಿನಷ್ಟು ಪಿವಿಸಿ ಸೇರಿದರೂ ಪೆಟ್ ಕರಗುವ ಶಾಖದಲ್ಲಿ ಅದು ಹೈಡ್ರೋಕ್ಲೋರಿಕ್ ಆಮ್ಲವನ್ನು ಬಿಟ್ಟು ಇಡೀ ರಾಶಿಯನ್ನು ಹಳದಿಗಟ್ಟಿಸಿ ಸರಪಳಿಯನ್ನು ಕಡಿಯುತ್ತದೆ. ಬಾಟಲಿಯ ಮುಚ್ಚಳಗಳು ನೀರಿನಲ್ಲಿ ತೇಲುವ ಪ್ಲಾಸ್ಟಿಕ್ಕಿನವಾದ್ದರಿಂದ ತೊಟ್ಟಿಯಲ್ಲಿ ತಾವಾಗಿಯೇ ಬೇರೆಯಾಗುತ್ತವೆ, ಆದರೆ ಪಿವಿಸಿಯ ಸಾಂದ್ರತೆ ಪೆಟ್‌ನ ಸಾಂದ್ರತೆಗೆ ಹೆಚ್ಚುಕಡಿಮೆ ಸಮವಾದ್ದರಿಂದ ಅದೂ ಜೊತೆಯಲ್ಲೇ ಮುಳುಗುತ್ತದೆ. ದುಬಾರಿ ಯಂತ್ರಗಳಿಲ್ಲದ ಕಡೆ ಅದನ್ನು ಬೇರ್ಪಡಿಸುವುದು ಮನುಷ್ಯರ ಕಣ್ಣು ಮತ್ತು ಕೈ. ಬೆಂಗಳೂರಿನ ಒಣತ್ಯಾಜ್ಯ ಸಂಗ್ರಹ ಕೇಂದ್ರಗಳಲ್ಲಿ, ಮೈಸೂರು ರಸ್ತೆಯ ನಾಯಂಡಹಳ್ಳಿಯ ಗುಜರಿ ಗೋದಾಮುಗಳಲ್ಲಿ ಬಾಟಲಿಯ ಸುತ್ತಿನ ಹೊದಿಕೆಯನ್ನು ಸುಲಿದು, ಬಣ್ಣದ್ದನ್ನೂ ಬಿಳಿಯದನ್ನೂ ಬೇರೆ ಮಾಡುವ ಕೆಲಸ ಹೀಗೆ ನೋಡಿದರೆ ಬರೀ ಕಸದ ಕೆಲಸವಲ್ಲ, ಎಳೆಯ ಗುಣಮಟ್ಟವನ್ನು ನಿರ್ಧರಿಸುವ ಮೊದಲ ಹಂತ. ತಿಳಿ ಬಣ್ಣದ ಮರುಬಳಕೆಯ ಕಾರ್ಪೆಟ್ಟಿಗೆ ಶುಭ್ರವಾದ ಬಣ್ಣರಹಿತ ಬಾಟಲಿಯೇ ಬೇಕು. ಬೆರಕೆ ರಾಶಿಯಿಂದ ಬಂದದ್ದು ಬೂದು, ಕಡುನೀಲಿ, ಕಂದುಗಳಲ್ಲಿ ಮರೆಯಾಗುತ್ತದೆ.

ಕಾರ್ಪೆಟ್ಟಿನಿಂದ ಕಾರ್ಪೆಟ್

ಹಳೆಯ ಕಾರ್ಪೆಟ್ಟಿನಿಂದಲೇ ಹೊಸದನ್ನು ಮಾಡುವ ದಾರಿ ಇದಕ್ಕಿಂತ ಕಠಿಣವಾದರೂ ರಾಸಾಯನಿಕವಾಗಿ ಹೆಚ್ಚು ಸ್ವಚ್ಛವಾದದ್ದು. ನೈಲಾನ್ 6ನ್ನು ಹೆಚ್ಚಿನ ಶಾಖದ ಹಬೆಗೆ ಒಡ್ಡಿದರೆ ಸರಪಳಿ ಕೊಂಡಿಕೊಂಡಿಯಾಗಿ ಬಿಚ್ಚಿಕೊಂಡು ಕ್ಯಾಪ್ರೊಲ್ಯಾಕ್ಟಮ್ ಆಗುತ್ತದೆ. ಅದನ್ನು ಬಟ್ಟಿ ಇಳಿಸಿ ಶುದ್ಧಗೊಳಿಸಿ ಮತ್ತೆ ಸರಪಳಿ ಕಟ್ಟಿದಾಗ ಬರುವ ನೈಲಾನ್‌ಗೂ ಕಚ್ಚಾತೈಲದಿಂದ ಹೊಸದಾಗಿ ತಯಾರಿಸಿದ ನೈಲಾನ್‌ಗೂ ಅಣುಮಟ್ಟದಲ್ಲಿ ಯಾವ ಭೇದವೂ ಇರುವುದಿಲ್ಲ. ಬಣ್ಣ, ಕೊಳೆ, ಹಳೆಯ ಲೇಪನಗಳು ಬಟ್ಟಿಯ ತಳದಲ್ಲಿ ಉಳಿದುಬಿಡುತ್ತವೆ. ಇಟಲಿಯ ಅಕ್ವಾಫಿಲ್ ಕಂಪನಿ 2011ರಿಂದ ಸ್ಲೊವೇನಿಯಾದ ಲ್ಯುಬ್ಲಿಯಾನಾದಲ್ಲಿ ಹಳೆಯ ಮೀನುಬಲೆ, ಕಾರ್ಪೆಟ್ ಎಳೆಗಳಿಂದ 'ಈಕೊನಿಲ್' ಹೆಸರಿನ ನೈಲಾನನ್ನು ಈ ವಿಧಾನದಲ್ಲೇ ತಯಾರಿಸುತ್ತಿದೆ.

ರಸಾಯನಶಾಸ್ತ್ರ ಒಪ್ಪಿದರೂ ಮಾರುಕಟ್ಟೆ ಒಪ್ಪಬೇಕಲ್ಲ. ಜಾರ್ಜಿಯಾದ ಅಗಸ್ಟಾದಲ್ಲಿ ಇದೇ ಉದ್ದೇಶಕ್ಕೆಂದು 1999ರಲ್ಲಿ ಆರಂಭವಾದ ಎವರ್‌ಗ್ರೀನ್ ಕಾರ್ಖಾನೆ, ಹೊಸ ಕ್ಯಾಪ್ರೊಲ್ಯಾಕ್ಟಮ್ ಅಗ್ಗವಾಗಿ ಸಿಗುತ್ತಿದ್ದಾಗ ಪೈಪೋಟಿ ನೀಡಲಾಗದೆ 2001ರಲ್ಲೇ ಬಾಗಿಲು ಹಾಕಿತು. ಕಾರ್ಪೆಟ್ ತಯಾರಕ ಶಾ ಕಂಪನಿ ಅದನ್ನು ಕೊಂಡು 2007ರಲ್ಲಿ ಮತ್ತೆ ಚಾಲೂ ಮಾಡಿತು. ಕಚ್ಚಾತೈಲದ ಬೆಲೆ ಏರಿದಾಗ ಮರುಸಂಸ್ಕರಣೆ ಲಾಭದ ಕೆಲಸವಾಗುವುದು, ಇಳಿದಾಗ ನಷ್ಟದ ಬಾಬತ್ತಾಗುವುದು ಈ ಉದ್ಯಮದ ಹಳೆಯ ಕಾಯಿಲೆ. ಬೆಲೆಗಿಂತ ಮೊದಲೇ ಎದುರಾಗುವ ತೊಡಕು ಅಂಟು. ಹಳೆಯ ಕಾರ್ಪೆಟ್ಟನ್ನು ಸಂಗ್ರಹಿಸಿ, ಯಾವ ಎಳೆಯೆಂದು ಗುರುತಿಸಿ, ಎಳೆಯನ್ನು ಬೋಳಿಸಿ ತೆಗೆದ ಮೇಲೆ ಲೇಟೆಕ್ಸ್ ಮತ್ತು ಕಲ್ಲಿನ ಪುಡಿ ಬೆರೆತ ಹಿಂಬದಿ ಉಳಿದುಕೊಳ್ಳುತ್ತದೆ. ಒಟ್ಟು ತೂಕದ ದೊಡ್ಡ ಪಾಲು ಅದೇ, ಕೊಳ್ಳುವವರು ಕಡಿಮೆ ಇರುವುದೂ ಅದಕ್ಕೇ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಂತೆ 2018ರಲ್ಲಿ ಆ ದೇಶದಲ್ಲಿ ಸುಮಾರು 34 ಲಕ್ಷ ಟನ್ ಕಾರ್ಪೆಟ್ ಕಸಕ್ಕೆ ಬಿತ್ತು. ಮರುಸಂಸ್ಕರಣೆಗೆ ಹೋದದ್ದು ಅದರಲ್ಲಿ ಶೇ. 9ರಷ್ಟು. ಉದ್ಯಮವೇ ಮುಂದೆ ಬಂದು 2002ರಲ್ಲಿ ಕೇರ್ ಎಂಬ ಸಂಸ್ಥೆಯನ್ನು ಕಟ್ಟಿ ಹದಿನಾರು ವರ್ಷ ಕಳೆದ ಮೇಲಿನ ಸ್ಥಿತಿ ಇದು. ಕ್ಯಾಲಿಫೋರ್ನಿಯಾ ರಾಜ್ಯ 2010ರಲ್ಲಿ ಕಾನೂನು ಮಾಡಿ, ಹೊಸ ಕಾರ್ಪೆಟ್ ಕೊಳ್ಳುವವರಿಂದ ಅಳತೆಗೆ ತಕ್ಕ ಶುಲ್ಕ ಪಡೆದು ಹಳೆಯದರ ಸಂಗ್ರಹಕ್ಕೆ ಬಳಸುವ ವ್ಯವಸ್ಥೆ ತಂದಿತು. ಭಾರತದ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ 2022ರಲ್ಲಿ ಸೇರಿಸಿದ ಉತ್ಪಾದಕರ ಹೊಣೆಗಾರಿಕೆಯ ವ್ಯವಸ್ಥೆ ಹೊದಿಕೆ-ಪೊಟ್ಟಣಗಳ ಪ್ಲಾಸ್ಟಿಕ್ಕನ್ನು ಕುರಿತದ್ದು, ಕಾರ್ಪೆಟ್ ಅದರಲ್ಲಿಲ್ಲ.

ಕಾಲಡಿಯಲ್ಲಿ ಬಾಳುವುದೆಷ್ಟು?

ಬಾಳಿಕೆಯ ವಿಷಯದಲ್ಲಿ ಮರುಬಳಕೆಯೋ ಹೊಸದೋ ಎಂಬುದಕ್ಕಿಂತ ಯಾವ ಪ್ಲಾಸ್ಟಿಕ್, ಎಷ್ಟು ಒತ್ತಾಗಿ ಕೂರಿಸಿದೆ ಎಂಬುದೇ ಮುಖ್ಯ. ತುಳಿದಾಗ ಬಾಗಿದ ಎಳೆ ಮತ್ತೆ ನೆಟ್ಟಗಾಗುವ ಗುಣದಲ್ಲಿ ನೈಲಾನ್ ಮುಂದೆ, ಪಾಲಿಯೆಸ್ಟರ್ ಅದರ ಹಿಂದೆ, ಪಾಲಿಪ್ರೊಪಿಲೀನ್ ಕೊನೆ. ಕಾರ್ಪೆಟ್ ಹಾಳಾಯಿತೆಂದು ಜನ ತೀರ್ಮಾನಿಸುವುದು ಎಳೆ ಸವೆದು ತೀರಿದಾಗಲ್ಲ, ಓಡಾಟದ ದಾರಿ ಚಪ್ಪಟೆಯಾಗಿ ಬೇರೆಯೇ ಬಣ್ಣದ ಪಟ್ಟಿಯಂತೆ ಕಾಣತೊಡಗಿದಾಗ; ಬಾಟಲಿಯ ಪಾಲಿಯೆಸ್ಟರ್ ಕಾರ್ಪೆಟ್ ಕಚೇರಿಯ ನಡುದಾರಿಯಲ್ಲೋ ಮೆಟ್ಟಿಲ ಮೇಲೋ ಬೇಗ ಈ ಸ್ಥಿತಿಗೆ ಬರುತ್ತದೆ. ಮಲಗುವ ಕೋಣೆ, ಓದುವ ಕೋಣೆಗಳಲ್ಲಿ ಅದೇ ಕಾರ್ಪೆಟ್ ನೈಲಾನಿಗೆ ಸರಿಸಮನಾಗಿ ಬಾಳಬಲ್ಲದು. ಎಳೆಯ ಒತ್ತನ್ನು ಪರೀಕ್ಷಿಸಲು ಅಂಗಡಿಯ ಮಾದರಿ ತುಂಡನ್ನು ಹಿಮ್ಮುಖವಾಗಿ ಬೆರಳಿನ ಮೇಲೆ ಮಡಚಿ ನೋಡಬೇಕು. ಕುಚ್ಚುಗಳ ನಡುವೆ ತಳಬಟ್ಟೆ ಹಲ್ಲು ಕಿರಿದಂತೆ ಕಂಡರೆ ಆ ಸರಕು ಎಷ್ಟೇ ಎತ್ತರದ ಎಳೆಯಿಂದ ಮೆತ್ತಗಿದ್ದರೂ ಬೇಗ ಕುಸಿಯುತ್ತದೆ. ಐರೋಪ್ಯ ಮಾನದಂಡ ಅನುಸರಿಸುವ ತಯಾರಕರ ಮಾಹಿತಿಪತ್ರದಲ್ಲಿ ಬಳಕೆಯ ವರ್ಗವನ್ನು ಅಂಕಿಯಲ್ಲಿ ಕೊಟ್ಟಿರುತ್ತಾರೆ: 21ರಿಂದ 23ರವರೆಗಿನದು ಮನೆಗೆ, 31ರಿಂದ 33ರವರೆಗಿನದು ಕಚೇರಿ, ಹೋಟೆಲುಗಳಿಗೆ, ಕೊನೆಯ ಅಂಕಿ ದೊಡ್ಡದಾದಷ್ಟೂ ಹೆಚ್ಚಿನ ಓಡಾಟ ತಡೆಯುತ್ತದೆ.

ತುಂಡೆಳೆಯ ನೂಲಿನಿಂದ ಮಾಡಿದ ಜಮಖಾನ ಮೊದಲ ಕೆಲವು ವಾರ ನವಿರು ಎಳೆಗಳನ್ನು ಉದುರಿಸುವುದು ಸಹಜ, ಅದು ದೋಷವಲ್ಲ. ಉದ್ದಕ್ಕೂ ಕಡಿಯದೆ ಬರುವ ಅಖಂಡ ಎಳೆಯಲ್ಲಿ ಈ ಉದುರು ಕಡಿಮೆ.

ಕಲೆಯ ವಿಚಾರ ಅಡುಗೆಯನ್ನು ಅವಲಂಬಿಸಿದೆ. ನೈಲಾನ್ ಗಾಳಿಯ ತೇವದಿಂದ ತನ್ನ ತೂಕದ ಶೇ. 4ರಷ್ಟು ನೀರು ಹೀರುತ್ತದೆ, ಪಾಲಿಯೆಸ್ಟರ್ ಶೇ. 0.4ರಷ್ಟು, ಪಾಲಿಪ್ರೊಪಿಲೀನ್ ಇಲ್ಲವೆನ್ನುವಷ್ಟು. ಹೀಗಾಗಿ ಚೆಲ್ಲಿದ ಕಾಫಿ, ಹಣ್ಣಿನ ರಸ ಪಾಲಿಯೆಸ್ಟರಿಗೆ ಸುಲಭವಾಗಿ ಹತ್ತುವುದಿಲ್ಲ; ಆದರೆ ನೀರನ್ನು ದೂರವಿಡುವ ಈ ಎಳೆಗಳು ಎಣ್ಣೆಯನ್ನು ಬರಮಾಡಿಕೊಳ್ಳುತ್ತವೆ. ಒಗ್ಗರಣೆ ಬಿದ್ದ ಹುಳಿ, ಉಪ್ಪಿನಕಾಯಿಯ ಎಣ್ಣೆ ಬಿದ್ದರೆ ಒರಟಾಗಿ ತಿಕ್ಕದೆ ಬಟ್ಟೆಯಿಂದ ಒತ್ತಿ ಹೀರಿಸಿ, ಮೃದು ಸೋಪಿನ ನೀರಿನಿಂದ ಒರೆಸಿ, ಉಳಿದ ಅರಿಶಿನದ ಕಲೆಯನ್ನು ಬಿಸಿಲಿಗೆ ಬಿಡುವುದು ಒಳ್ಳೆಯದು. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಶಾಖಕ್ಕೆ ಪಾಲಿಪ್ರೊಪಿಲೀನ್ ಅತಿ ದುರ್ಬಲ: ಅದು ಸುಮಾರು 165 ಡಿಗ್ರಿಗೆ ಕರಗುವುದರಿಂದ ಊದುಬತ್ತಿಯ ಕಿಡಿ ತೂತು ಮಾಡುತ್ತದೆ, ಭಾರದ ಸೋಫಾವನ್ನು ಎಳೆದಾಡಿದ ತಿಕ್ಕಾಟದ ಶಾಖಕ್ಕೂ ಗೆರೆ ಬೀಳುತ್ತದೆ. ಕರಾವಳಿ, ಮಲೆನಾಡುಗಳಲ್ಲಿ ಕೃತಕ ಎಳೆ ಕೊಳೆಯದು ನಿಜ, ಆದರೆ ಅದರಲ್ಲಿ ಕೂತ ಧೂಳಿಗೂ ಸೆಣಬಿನ ಹಿಂಬದಿಗೂ ಬೂಸ್ಟು ಹಿಡಿಯುವುದು ತಪ್ಪದು. ಅಲ್ಲಿ ಗೋಡೆಯಿಂದ ಗೋಡೆಗೆ ಅಂಟಿಸುವ ಕಾರ್ಪೆಟ್ಟಿಗಿಂತ ಎತ್ತಿ ಕೊಡವಿ ಒಣಗಿಸಬಹುದಾದ ಹಾಸೇ ಯೋಗ್ಯ.

ಪರಿಸರದ ಲೆಕ್ಕ

ಒಂದು ಕಿಲೋ ಹೊಸ ಪೆಟ್ ತಯಾರಿಕೆಯಲ್ಲಿ ಸುಮಾರು 2ರಿಂದ 3 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಹೊರಬೀಳುತ್ತದೆ. ನೈಲಾನಿನಲ್ಲಿ ಇದು 6ರಿಂದ 9 ಕಿಲೋವರೆಗೆ ಹೋಗುತ್ತದೆ. ನೈಲಾನ್ 6,6ಕ್ಕೆ ಬೇಕಾದ ಅಡಿಪಿಕ್ ಆಮ್ಲದ ತಯಾರಿಕೆಯಲ್ಲಿ, ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಲವಾಗಿ ಭೂಮಿಯನ್ನು ಬಿಸಿ ಮಾಡುವ ನೈಟ್ರಸ್ ಆಕ್ಸೈಡ್ ಹುಟ್ಟುವುದು ಇದಕ್ಕೆ ಒಂದು ಕಾರಣ. ಹಾಗಾಗಿ ಒಂದೊಂದು ಕಿಲೋ ಲೆಕ್ಕದಲ್ಲಿ ನೋಡಿದರೆ ನೈಲಾನನ್ನು ಮರುಸಂಸ್ಕರಿಸಿದಾಗ ಆಗುವ ಉಳಿತಾಯ ಪಾಲಿಯೆಸ್ಟರಿನದಕ್ಕಿಂತ ದೊಡ್ಡದು. 10,000 ಟನ್ ಈಕೊನಿಲ್ ಕಚ್ಚಾವಸ್ತುವಿನಿಂದ 70,000 ಪೀಪಾಯಿ ಕಚ್ಚಾತೈಲವೂ 65,100 ಟನ್ ಇಂಗಾಲದ ಹೊರೆಯೂ ಉಳಿಯುತ್ತದೆಂದು ಅಕ್ವಾಫಿಲ್ ಹೇಳಿಕೊಳ್ಳುತ್ತದೆ. ಇದು ಕಂಪನಿಯದೇ ಲೆಕ್ಕವೆಂಬುದನ್ನು ನೆನಪಿಟ್ಟುಕೊಂಡೇ ಓದಬೇಕಾದರೂ ಮೇಲಿನ ಅಂಕಿಗಳಿಗೆ ಅದು ಹೊಂದುತ್ತದೆ.

ಬಾಟಲಿಯ ಕಾರ್ಪೆಟ್ಟಿನ ಪ್ರಚಾರದಲ್ಲಿ ಮಾತ್ರ ಒಂದು ಜಾಣ ಮರೆವು ಇದೆ. 'ಇಷ್ಟು ಸಾವಿರ ಬಾಟಲಿಗಳನ್ನು ಕಸದ ಗುಡ್ಡೆಯಿಂದ ಉಳಿಸಿದೆ' ಎಂಬ ಮಾತು ಭಾರತದಲ್ಲಿ ಅಷ್ಟು ಸುಲಭವಾಗಿ ನಿಲ್ಲದು, ಏಕೆಂದರೆ ಪೆಟ್ ಬಾಟಲಿ ಇಲ್ಲಿ ಕಸವಾಗುವ ಮೊದಲೇ ಗುಜರಿಯ ಸರಕು. ಚಿಂದಿ ಆಯುವವರ ಚೀಲದಲ್ಲಿ ಬೆಲೆ ಸಿಗುವ ವಸ್ತುಗಳಲ್ಲಿ ಅದೂ ಒಂದು. ಕಾರ್ಪೆಟ್ ಆಗದಿದ್ದರೆ ಅದು ಬೇರೆ ಎಳೆಯಾಗುತ್ತಿತ್ತು, ಇಲ್ಲವೇ ಮತ್ತೆ ಬಾಟಲಿಯಾಗುತ್ತಿತ್ತು. ಬಾಟಲಿಯಾದರೆ ಮತ್ತೊಮ್ಮೆ ಗುಜರಿಗೆ ಬರುವ ಅವಕಾಶವಿದೆ. ಲೇಟೆಕ್ಸ್ ಅಂಟಿನಲ್ಲಿ ಸಿಕ್ಕ ಎಳೆಗೆ ಅದು ಕೊನೆಯ ಪ್ರಯಾಣ. ಕಟ್ಟುನಿಟ್ಟಾಗಿ ಹೇಳುವುದಾದರೆ ಬಾಟಲಿಯಿಂದ ಕಾರ್ಪೆಟ್ ಮಾಡುವುದು ಚಕ್ರವಲ್ಲ, ಇಳಿಜಾರು. ಅಂಟಿಲ್ಲದೆ ಬರೀ ಒಂದೇ ನೂಲಿನಿಂದ ನೇಯ್ದ ಪೆಟ್ ಜಮಖಾನ ಈ ದೃಷ್ಟಿಯಿಂದ ಹೆಚ್ಚು ಪ್ರಾಮಾಣಿಕ ಸರಕು, ಅದನ್ನು ಮತ್ತೆ ಕರಗಿಸಲು ಅಡ್ಡಿಯೇನೂ ಇಲ್ಲ. ಮದುವೆ, ಸಭೆ, ವಸ್ತುಪ್ರದರ್ಶನಗಳಿಗೆ ಶಾಮಿಯಾನದವರು ಹಾಸುವ ಕೆಂಪು-ಹಸಿರು ಬಣ್ಣದ, ಎಳೆಗಳನ್ನು ಸೂಜಿಯಿಂದ ಚುಚ್ಚಿ ಒತ್ತಿ ಮಾಡಿದ ತೆಳು ಹಾಸುಗಳು ಇದರ ಇನ್ನೊಂದು ತುದಿ: ನೇಯ್ಗೆ, ಕುಚ್ಚುಗಳ ರಗಳೆಯಿಲ್ಲದಿದ್ದರೂ ನಾಲ್ಕಾರು ಸಮಾರಂಭಗಳಲ್ಲೇ ಹರಿದು ಮೂಲೆ ಸೇರುವ ಅವುಗಳ ಮೇಲೆ ಎಂಥ ಹಸಿರು ಚೀಟಿ ಅಂಟಿಸಿದರೂ ಪ್ರಯೋಜನ ಅಲ್ಪ.

ಬಾಳಿಕೆ ಪರಿಸರದ ಲೆಕ್ಕಕ್ಕೆ ನೇರವಾಗಿ ಸೇರುವುದು ಇಲ್ಲಿಯೇ. ಅರ್ಧ ಹೊರೆಯಿಂದ ತಯಾರಾದ ಕಾರ್ಪೆಟ್ ಮೂರನೇ ಒಂದು ಕಾಲ ಮಾತ್ರ ಬಾಳಿದರೆ ವರ್ಷದ ಲೆಕ್ಕದಲ್ಲಿ ಅದೇ ಹೆಚ್ಚು ಹೊರೆ. ಕಚೇರಿಗಳಲ್ಲಿ ಬಳಸುವ 50 ಸೆಂಟಿಮೀಟರ್ ಚೌಕದ ಕಾರ್ಪೆಟ್ ಬಿಲ್ಲೆಗಳ ದೊಡ್ಡ ಗುಣ ಈ ಲೆಕ್ಕಕ್ಕೇ ಸಂಬಂಧಿಸಿದ್ದು: ಕಲೆ ಬಿದ್ದ ನಾಲ್ಕು ಬಿಲ್ಲೆಗಳನ್ನಷ್ಟೇ ಬದಲಿಸಿದರೆ ಸಾಕು, ಉಳಿದ ನೆಲ ಹಾಗೇ ಇರುತ್ತದೆ. ಇದೇ ಉದ್ಯಮದ ರೇ ಆಂಡರ್‌ಸನ್ 1973ರಲ್ಲಿ ಸ್ಥಾಪಿಸಿದ್ದ ಇಂಟರ್‌ಫೇಸ್ ಕಂಪನಿಯನ್ನು, ಪಾಲ್ ಹಾಕೆನ್ ಅವರ ಪುಸ್ತಕವೊಂದನ್ನು 1994ರಲ್ಲಿ ಓದಿದ ಮೇಲೆ, ಪರಿಸರದ ಮೇಲಿನ ಕೆಟ್ಟ ಪರಿಣಾಮವನ್ನು 2020ರೊಳಗೆ ಸೊನ್ನೆಗಿಳಿಸುವ ಗುರಿಯತ್ತ ತಿರುಗಿಸಿದರು. ಬಿಲ್ಲೆಗಳನ್ನು ಹಿಂಪಡೆದು ಮತ್ತೆ ಬಳಸುವ ಪ್ರಯತ್ನಗಳಿಗೆ ಅಲ್ಲಿಂದ ಬಲ ಬಂತು. ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ ಬಾಡಿಗೆದಾರರು ಬದಲಾದಾಗಲೆಲ್ಲ ಇಂಥ ಬಿಲ್ಲೆಗಳನ್ನು ಕೀಳುವ ಸಂದರ್ಭ ಬರುತ್ತದೆ. ಸವೆಯದ ಬಿಲ್ಲೆಗಳನ್ನು ತೆಗೆದಿಟ್ಟು ಸಣ್ಣ ಕಚೇರಿಗೋ ಶಾಲೆಯ ಗ್ರಂಥಾಲಯಕ್ಕೋ ಕೊಡುವುದು ಯಾವ ರಾಸಾಯನಿಕ ಮರುಸಂಸ್ಕರಣೆಗಿಂತಲೂ ಕಡಿಮೆ ಶಕ್ತಿ ಬೇಡುವ ಕೆಲಸ.

ಎಳೆ ಮರುಬಳಕೆಯದಾದರೂ ಪ್ಲಾಸ್ಟಿಕ್ ಪ್ಲಾಸ್ಟಿಕ್ಕೇ. ಸವೆದಾಗ ಹೊಸದರಂತೆಯೇ ಸೂಕ್ಷ್ಮ ಪ್ಲಾಸ್ಟಿಕ್ ಆಗಿ ಮನೆಯ ಧೂಳಿಗೆ ಸೇರುತ್ತದೆ. ಹೆಚ್ಚು ಎಚ್ಚರ ಬೇಕಾದದ್ದು ಜೊತೆಗೂಡಿ ಬರುವ ರಾಸಾಯನಿಕಗಳ ಬಗ್ಗೆ. ಕಲೆ ಹತ್ತದಂತೆ ಹಚ್ಚುವ ಲೇಪನಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಪಿಎಫ್‌ಎಎಸ್ ಗುಂಪಿನ ಸಂಯುಕ್ತಗಳು ಇಂಗಾಲ-ಫ್ಲೋರಿನ್ ಬಂಧ ಬಿಚ್ಚಿಕೊಳ್ಳದ ಕಾರಣ ಮಣ್ಣು, ನೀರುಗಳಲ್ಲಿ ಉಳಿದುಬಿಡುತ್ತವೆ. ಡಾಲ್ಟನ್ ಸುತ್ತಲಿನ ನದಿಯ ನೀರಿನಲ್ಲಿ ಅವು ಕಂಡುಬಂದಿವೆ. 2000ದಲ್ಲಿ 3ಎಂ ಕಂಪನಿ ಅಂಥ ಒಂದು ಮುಖ್ಯ ಸಂಯುಕ್ತದ ತಯಾರಿಕೆಯನ್ನು ಕೈಬಿಡುವುದಾಗಿ ಘೋಷಿಸಿತು. ಕಾರ್ಪೆಟ್ಟಿನಡಿ ಹಾಸುವ ಮೆತ್ತೆಗಳಲ್ಲಿ ಹಳೆಯ ಫೋಮನ್ನು ಪುಡಿಮಾಡಿ ಅಂಟಿಸಿದ ಬಹುವರ್ಣದ ಬಗೆಯೊಂದಿದ್ದು, ಅದರಲ್ಲಿ ಹಳೆಯ ಸೋಫಾಗಳಿಗೆ ಬೆಂಕಿ ತಡೆಗೆಂದು ಸೇರಿಸಿದ್ದ, ಈಗ ಹಲವು ದೇಶಗಳು ನಿಷೇಧಿಸಿರುವ ಬ್ರೋಮಿನ್ ಸಂಯುಕ್ತಗಳು ಉಳಿದಿರುವ ಸಾಧ್ಯತೆ ಇದೆ. ಮರುಬಳಕೆ ಎಂಬುದು ಒಳ್ಳೆಯದರ ಜೊತೆಗೆ ಹಳೆಯ ವಿಷವನ್ನೂ ಮುಂದಕ್ಕೆ ದಾಟಿಸಬಲ್ಲದು. ತೆವಳುವ ಮಕ್ಕಳಿರುವ ಮನೆಗೆ ಇಂಥ ಮೆತ್ತೆ ಬೇಡವೇ ಬೇಡ. ಹೊಸ ಕಾರ್ಪೆಟ್ಟಿನ ವಾಸನೆ ಬಹುಮಟ್ಟಿಗೆ ಲೇಟೆಕ್ಸ್ ಅಂಟಿನದು. ಹಾಸಿದ ಮೇಲೆ ಎರಡು-ಮೂರು ದಿನ ಕಿಟಕಿ ತೆರೆದಿಟ್ಟರೆ ಬಹುಪಾಲು ಹೋಗುತ್ತದೆ.

ಕೊಳ್ಳುವಾಗ

ಪ್ರಮಾಣಪತ್ರಗಳಲ್ಲಿ ಗ್ಲೋಬಲ್ ರೀಸೈಕಲ್ಡ್ ಸ್ಟ್ಯಾಂಡರ್ಡ್ ಎಂಬುದು ಹೆಚ್ಚು ಕಾಣಸಿಗುತ್ತದೆ. ಕನಿಷ್ಠ ಶೇ. 20 ಮರುಬಳಕೆಯ ವಸ್ತುವಿದ್ದರೆ ಈ ಪ್ರಮಾಣಪತ್ರ ಸಿಗುತ್ತದೆ, ಗ್ರಾಹಕರಿಗೆ ಕಾಣುವಂತೆ ಮುದ್ರೆ ಹಾಕಲು ಶೇ. 50 ಇರಬೇಕು, ಆದ್ದರಿಂದ ಮುದ್ರೆಯ ಪಕ್ಕದ ಅಂಕಿಯನ್ನು ಓದದೆ ಮುದ್ರೆಯನ್ನಷ್ಟೇ ನಂಬುವುದು ಸಾಲದು. ಬಳಕೆಗೆ ಮುನ್ನಿನದು, ಬಳಕೆಯ ನಂತರದ್ದು ಎಂಬ ಭೇದವೂ ಗಮನಾರ್ಹ: ಕಾರ್ಖಾನೆಯಲ್ಲೇ ಉಳಿದ ತುಣುಕುಗಳಿಂದ ಬಂದದ್ದು ಮೊದಲನೆಯದು, ಜನ ಬಳಸಿ ಬಿಟ್ಟದ್ದರಿಂದ ಬಂದದ್ದು ಎರಡನೆಯದು; ತ್ಯಾಜ್ಯದ ಹೊರೆ ನಿಜವಾಗಿ ಇಳಿಯುವುದು ಎರಡನೆಯದರಿಂದ. ಕಚೇರಿಗೆ ದೊಡ್ಡ ಪ್ರಮಾಣದಲ್ಲಿ ಕೊಳ್ಳುವವರು ಉತ್ಪನ್ನದ ಇಡೀ ಬಾಳಿನ ಪರಿಸರ ಹೊರೆಯನ್ನು ಮೂರನೆಯವರಿಂದ ಪರಿಶೀಲಿಸಿ ಪ್ರಕಟಿಸಿದ ಘೋಷಣಾಪತ್ರವನ್ನೂ ಹಳೆಯದನ್ನು ಹಿಂಪಡೆಯುವ ಲಿಖಿತ ಭರವಸೆಯನ್ನೂ ಕೇಳುವುದು ನ್ಯಾಯ.

ಮನೆಯ ಮಟ್ಟಿಗೆ ಹೇಳುವುದಾದರೆ ಹೆಚ್ಚು ಓಡಾಟದ ನಡುಮನೆಗೆ ಮರುಸಂಸ್ಕರಿಸಿದ ನೈಲಾನ್ 6, ಮಲಗುವ ಕೋಣೆಗೆ ಒತ್ತಾದ ಬಾಟಲಿ ಪಾಲಿಯೆಸ್ಟರ್, ನೀರು ಬೀಳುವ ವರಾಂಡಕ್ಕೆ ಅಂಟಿಲ್ಲದೆ ನೇಯ್ದ ಪೆಟ್ ಜಮಖಾನ ಸರಿಹೊಂದುತ್ತವೆ. ಕೂತು ಊಟ ಮಾಡುವ, ನಾಲ್ಕು ಜನ ಮಲಗುವ ಹಾಸಷ್ಟೇ ಬೇಕಿದ್ದರೆ ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಂಗಸರು ಕೈಮಗ್ಗದಲ್ಲಿ ನೇಯುವ ಹತ್ತಿ ಜಮಖಾನದ ಮುಂದೆ ಮೇಲಿನ ಚರ್ಚೆಯೆಲ್ಲ ಅನಗತ್ಯ.

ಯಾವುದನ್ನೇ ಕೊಂಡರೂ ಎಳೆಯ ಹೆಸರನ್ನು, ನೈಲಾನ್ ಆದರೆ 6 ಅಥವಾ 6,6 ಎಂಬ ಅಂಕಿಯನ್ನೂ ಸೇರಿಸಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. ಮನೆಗೆ ತಂದ ಮೇಲೆ ಅದನ್ನೇ ಅಳಿಸದ ಶಾಯಿಯಿಂದ ಕಾರ್ಪೆಟ್ಟಿನ ಹಿಂಬದಿಯ ಮೂಲೆಯಲ್ಲಿ, ಕೊಂಡ ವರ್ಷದೊಂದಿಗೆ, ದೊಡ್ಡದಾಗಿ ಬರೆದಿಡಬೇಕು. ಹತ್ತು-ಹನ್ನೆರಡು ವರ್ಷಗಳ ನಂತರ ಅದನ್ನು ಗುಜರಿಯಲ್ಲಿ ವಿಂಗಡಿಸುವವರ ಕೈಯಲ್ಲಿ ಬಿಲ್ಲೂ ಇರುವುದಿಲ್ಲ, ಚೀಟಿಯೂ ಇರುವುದಿಲ್ಲ.